ಮೊಟ್ಟೆ ಕಾಣದ ಬಾಣಲೆ

ನಮ್ಮ ಹಿತ್ತಿಲ ಜಗಲಿಯ ಮೊಳೆಗೆ ಒಂದು ಪುಟ್ಟ ಕಬ್ಬಿಣದ ಬಾಣಲೆ ನೇತಾಡುತ್ತಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಇದ್ದಬದ್ದ ಬಾಣಲೆಗಳನ್ನೆಲ್ಲ ಬೆರಳಿನಿಂದ ಬಡಿದು ನೋಡಿ, ಅಂಗಡಿಯವನ ತಾಳ್ಮೆ ಪರೀಕ್ಷಿಸಿ ಆರಿಸಿ ತಂದದ್ದು. ಅದಕ್ಕೆ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಕಾಯಿಸಿ, ಈರುಳ್ಳಿ ಹುರಿದು ಪಳಗಿಸಿದ್ದೇನೆ. ಯಾವ ಕೆಲಸಕ್ಕೆಂದು ತಂದೆನೋ ಅದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವನ್ನೂ ಅದು ಮಾಡಿದೆ. ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಕಣ್ಣಿಗೆ ಬೀಳುತ್ತದೆ, ನನಗೆ ರೇಗುತ್ತದೆ. ಬಾಣಲೆಯ ಮೇಲೆ ಯಾರಾದರೂ ರೇಗುತ್ತಾರೆಯೇ ಎಂದು ಕೇಳಬೇಡಿ. ಕೋಳಿಗಳ ಮೇಲೆ ರೇಗಿ ರೇಗಿ ಸಾಕಾದ ಮೇಲೆ ನನಗೆ ಉಳಿದದ್ದು ಅದೊಂದೇ.

ಎಲ್ಲ ಶುರುವಾದದ್ದು ನನ್ನ ಯಜಮಾನರ ಸುಸ್ತಿನಿಂದ. ಕಳೆದ ಬೇಸಿಗೆಯಲ್ಲಿ ಇವರಿಗೆ ಮೆಟ್ಟಿಲು ಹತ್ತಿದರೆ ಸುಸ್ತು, ಇಳಿದರೆ ಸುಸ್ತು, ತರಕಾರಿ ತನ್ನಿ ಎಂದರಂತೂ ವಿಪರೀತ ಸುಸ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, “ಪ್ರೋಟೀನ್ ಸಾಲ್ತಿಲ್ಲ, ದಿನಾ ಒಂದು ಮೊಟ್ಟೆ ತಗೊಳ್ಳಿ” ಎಂದರು. ನಮ್ಮದು ಲಿಂಗ ಕಟ್ಟಿದ ಮನೆ. ಹೊಸಮನೆ ಬಡಾವಣೆಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಮೊಟ್ಟೆ ಎಂಬ ಮಾತನ್ನು ಒಳಗೆ ಆಡಿದವಳಲ್ಲ. ಇವರು ಡಾಕ್ಟರ ಎದುರು ಜಾಣ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಹೊರಗೆ ಬಂದು ಸ್ಕೂಟರ್ ಹತ್ತುವಾಗ ಷರತ್ತು ಹಾಕಿದರು. “ಅಂಗಡಿ ಮೊಟ್ಟೆ ಬೇಡ ಗಿರಿಜಾ. ಎಲ್ಲಿಯ ಕೋಳಿಯೋ, ಏನು ತಿಂದಿತ್ತೋ. ಗೊತ್ತಿರೋ ಕೋಳೀದಾದ್ರೆ ನೋಡೋಣ.” ಸರ್ವಿಸ್ ಪೂರ್ತಿ ಗುರುತು ಪರಿಚಯ ಇಲ್ಲದವರ ಅರ್ಜಿಗಳಿಗೆ ಸಹಿ ಹಾಕಿದ ಮನುಷ್ಯನಿಗೆ ಕೋಳಿಯ ಪರಿಚಯ ಬೇಕಂತೆ!

ನಾನು ಹೆದರಿದ್ದು ಅತ್ತೆಗೆ. ಎಂಬತ್ತರ ಹತ್ತಿರದ ಜೀವ, ಬೆಳಗಿನ ಪೂಜೆ ಮುಗಿಯದೆ ಹನಿ ನೀರು ಮುಟ್ಟದವರು. ಆದರೆ ಅವರು ವಿಷಯವನ್ನು ಪೂರ್ತಿ ಕೇಳಿ, ಬಾಯಲ್ಲಿದ್ದ ಅಡಿಕೆಯನ್ನು ಪಕ್ಕಕ್ಕೆ ಸರಿಸಿ, “ಕೋಳಿ ಬರ್ಲಿ ಬಿಡು. ಅದೂ ಶಿವ ಕೊಟ್ಟ ಜೀವ. ಮೊಟ್ಟೆ ಮಾತ್ರ ಹೊಸಲು ದಾಟಬಾರ್ದು” ಎಂದು ತೀರ್ಪು ಕೊಟ್ಟರು. ಹಾಗಾಗಿ ಹಿತ್ತಿಲ ಜಗಲಿಗೆ ಒಂದು ಕರೆಂಟ್ ಒಲೆ, ಒಂದು ಸೌಟು, ಒಂದು ಬಾಣಲೆ ಬಂದವು. ಕೋಳಿಗಿಂತ ಮೊದಲು ಬಾಣಲೆ ಬಂತು. ನನ್ನ ಅವಸರವೇ ಹಾಗೆ.

ಅವಸರಕ್ಕೆ ಕಾರಣವೂ ಇತ್ತು. ಪ್ರೋಟೀನ್ ಇವರಿಗೆ ಬೇಕಾಗಿತ್ತು, ಆಸೆ ಇದ್ದದ್ದು ನನಗೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸೈರನ್ ಕೂಗಿದರೆ ಏಳುವುದು, ಸೈರನ್ ಕೂಗಿದರೆ ಊಟ. ನಮ್ಮ ಸಾಲಿನಲ್ಲಿ ಎಡಗಡೆ ಮನೆಯವರು ತೆಲುಗಿನಲ್ಲಿ ಜಗಳ ಆಡಿದರೆ ಬಲಗಡೆಯವರು ತಮಿಳಿನಲ್ಲಿ ಬಿಡಿಸುತ್ತಿದ್ದರು. ನನಗೆ ಏಳೋ ಎಂಟೋ ವರ್ಷವಿದ್ದಾಗ ಆ ಬಲಗಡೆ ಮನೆಗೆ ಹೊಸ ಮದುಮಗಳಾಗಿ ಬಂದವರು ಸೆಲ್ವಿ ಅಕ್ಕ. ಬಂದ ವರ್ಷವೇ ಕೋಳಿ ಸಾಕಿದರು. ಸಾಲಿನಲ್ಲಿ ಎಲ್ಲರ ಕೋಳಿಗಳೂ ಒಟ್ಟಿಗೆ ಮೇಯುತ್ತಿದ್ದುದರಿಂದ ಗುರುತಿಗೆ ರೆಕ್ಕೆಗೆ ಬಣ್ಣ ಬಳಿಯುತ್ತಿದ್ದರು. ಒಬ್ಬರದು ಅರಿಶಿನ, ಒಬ್ಬರದು ಕುಂಕುಮ, ಸೆಲ್ವಿ ಅಕ್ಕನದು ಬಟ್ಟೆಗೆ ಹಾಕುವ ನೀಲಿ. ಒಂದು ಜೋರು ಮಳೆ ಬಂದರೆ ಎಲ್ಲ ಬಣ್ಣವೂ ತೊಳೆದುಹೋಗಿ, ಯಾರ ಕೋಳಿ ಯಾರದು ಎಂದು ಸಾಲಿಗೆ ಸಾಲೇ ಮೂರು ಭಾಷೆಯಲ್ಲಿ ಬೈದಾಡಿಕೊಳ್ಳುತ್ತಿತ್ತು. ಬಿಸಿಲು ಬಂದ ಮೇಲೆ ಮತ್ತೆ ಎಲ್ಲರೂ ಒಬ್ಬರ ಮನೆಯಲ್ಲಿ ಒಬ್ಬರು ಕಾಫಿ ಕುಡಿಯುತ್ತಿದ್ದರು.

ಸೆಲ್ವಿ ಅಕ್ಕ ನನಗೆ ಅರ್ಧ ಬೆಂದ ಮೊಟ್ಟೆಯನ್ನು ಸ್ಟೀಲ್ ಲೋಟಕ್ಕೆ ಒಡೆದು, ಮೆಣಸಿನ ಪುಡಿ ಉದುರಿಸಿ ಕೊಡುತ್ತಿದ್ದರು. ಅವರ ಹಿತ್ತಿಲ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕುಡಿದ ಆ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ. ಆಮೇಲೆ ವಾಸನೆ ಹೋಗಲೆಂದು ಪೇರಲೆ ಎಲೆ ಅಗಿದು ಮನೆಗೆ ಹೋಗುತ್ತಿದ್ದೆ. ಅಮ್ಮ ನನ್ನ ಬಾಯಿ ಮೂಸಿ, “ಪೇರಲೆ ಎಲೆ ಯಾಕೆ ಅಗ್ದೆ? ಹೊಟ್ಟೆ ಕೆಟ್ಟಿದ್ಯಾ?” ಎಂದು ಕಹಿ ಕಷಾಯ ಕುಡಿಸುತ್ತಿದ್ದಳು. ಪ್ರತಿ ಮೊಟ್ಟೆಗೂ ಒಂದು ಲೋಟ ಕಷಾಯ. ಅಮ್ಮನಿಗೆ ಎಲ್ಲ ಗೊತ್ತಿತ್ತು ಎಂಬ ಅನುಮಾನ ನನಗೆ ಈಗೀಗ ಬರುತ್ತಿದೆ.

ಇನ್ನೊಂದು ನೆನಪೂ ಇದೆ. ಕೋಳಿ ಕಾವಿಗೆ ಕೂತಾಗ ಸೆಲ್ವಿ ಅಕ್ಕ ಕೆಲವು ದಿನ ಬಿಟ್ಟು ಅದರ ಕೆಳಗಿನ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿಗೆ ಹಿಡಿಯುತ್ತಿದ್ದರು. ಒಳಗೆ ಕೆಂಪು ನರ ಕಂಡರೆ, “ಇದ್ರಲ್ಲಿ ಉಯಿರು ಇದೆ ಮಾ” ಎಂದು ವಾಪಸ್ ಇಡುತ್ತಿದ್ದರು. ಬರೀ ಬೆಳಕು ಕಂಡರೆ ಪಕ್ಕಕ್ಕೆ. ಇದರಲ್ಲಿ ಯಾಕೆ ಜೀವ ಇಲ್ಲ ಎಂದು ಕೇಳಿದ್ದಕ್ಕೆ, “ಹುಂಜ ಬೇಕಲ್ಲ ಮಾ ಅದಕ್ಕೆ” ಎಂದರು. ಅಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯಾಕೆ ನಕ್ಕರು ಎಂದು ತಿಳಿಯಲು ನನಗೆ ಇನ್ನೂ ಹಲವು ವರ್ಷ ಬೇಕಾದವು.

ಸೆಲ್ವಿ ಅಕ್ಕ ಈ ವರ್ಷ ಕ್ವಾರ್ಟರ್ಸ್ ಬಿಟ್ಟು ಭದ್ರಾವತಿಯಲ್ಲೇ ಮಗಳ ಮನೆ ಸೇರಿದರು. ಅದು ಎರಡನೇ ಮಹಡಿ. “ಕೋಳಿ ಅಲ್ಲಿ ಏನನ್ನ ಕೆದಕುತ್ತೆ ಮಾ, ಟೈಲ್ಸಾ?” ಎಂದು ಫೋನಿನಲ್ಲಿ ಗೋಳಾಡಿದಾಗ ನನಗೆ ದೇವರೇ ದಾರಿ ತೋರಿಸಿದ ಹಾಗಾಯಿತು. ಗೊತ್ತಿರುವ ಕೋಳಿ ಎಂದರೆ ಇದಕ್ಕಿಂತ ಗೊತ್ತಿರುವುದು ಬೇಕೇ? ಇವುಗಳ ಅಜ್ಜಿಯ ಅಜ್ಜಿಯ ಮೊಟ್ಟೆಯನ್ನು ನಾನು ತಿಂದಿರಬಹುದು. ಶ್ರಾವಣದ ಆರಂಭದಲ್ಲಿ ಹೋಗಿ ಮೂರು ನಾಟಿ ಹೆಣ್ಣು ಕೋಳಿಗಳನ್ನು ಬುಟ್ಟಿಗೆ ಹಾಕಿಕೊಂಡೆ. ಹುಂಜ ಬೇಡವೇ ಎಂದು ಕೇಳಿದೆ. “ಮೊಟ್ಟೆ ತಿನ್ನೋಕೆ ಹುಂಜ ಯಾಕೆ? ಬೆಳಗ್ಗೆ ಬೆಳಗ್ಗೆ ಕೂಗಿದ್ರೆ ನಿಮ್ ಬೀದಿಯವ್ರು ನಿನ್ನೇ ಬೈತಾರೆ. ಅದನ್ನ ಹಿಂದಿನ ಬೀದಿ ಮೇರಿಗೆ ಕೊಟ್ಬಿಟ್ಟೆ” ಎಂದರು ಸೆಲ್ವಿ ಅಕ್ಕ. ಬಸ್ ಸ್ಟಾಪಿನವರೆಗೆ ಬಂದು, ಬುಟ್ಟಿಯ ಮೇಲೆ ಕೈಯಿಟ್ಟು, ಅವರೂ ಒಂದು ಷರತ್ತು ಹಾಕಿದರು. “ದೀಪಾವಳಿ ತನಕ ನೋಡು. ಇಡ್ಲಿಲ್ಲಾಂದ್ರೆ ಸುಮ್ನೆ ಅಕ್ಕಿ ದಂಡ ಮಾಡ್ಬೇಡ. ಅಳಿಯ ಬಂದು ತಗೊಂಡು ಹೋಗ್ತಾನೆ. ಹಬ್ಬಕ್ಕೆ ಕೊಳಂಬು ಆಗುತ್ತೆ.” ಕೊಳಂಬೆಂದರೆ ಅವರ ಕೋಳಿ ಸಾರು. ನಾನು ನಕ್ಕೆ. ಮೊಟ್ಟೆ ಇಡದ ಕೋಳಿಯೂ ಇರುತ್ತದೆಯೇ ಎಂಬ ಧೈರ್ಯ ನನ್ನದು.

ಕೋಳಿಗಳು ಬಂದ ದಿನವೇ ಅತ್ತೆ ನಾಮಕರಣ ಮಾಡಿದರು. ಕೆಂಪಗಿದ್ದದ್ದು ಗೌರಿ, ಚುಕ್ಕೆಯದು ನೀಲಮ್ಮ, ಕರಿಯದು ಗಂಗೆ. ಇವರು ದಿನಾ ಸಂಜೆ ಪೇಪರ್ ಹಿಡಿದು ಗೂಡಿನ ಎದುರು ಕುರ್ಚಿ ಹಾಕಿ ಕೂತು ಪರಿಚಯ ಬೆಳೆಸಿದರು. ಮೊದಲ ವಾರ ಮೊಟ್ಟೆ ಬರಲಿಲ್ಲ. ಹೊಸ ಜಾಗ, ಒಗ್ಗಬೇಕು ಎಂದುಕೊಂಡೆ. ಎರಡನೇ ವಾರವೂ ಇಲ್ಲ, ಮೂರನೇ ವಾರವೂ ಇಲ್ಲ. ನನ್ನ ತಾಳ್ಮೆ ಯಾವತ್ತೂ ದೊಡ್ಡದಲ್ಲ. ಗೂಡಿಗೆ ಬಗ್ಗಿ ಕೈ ಹಾಕಿ ಹುಲ್ಲು ತಡಕಿ ತಡಕಿ ನನ್ನ ಸೊಂಟ ಹಿಡಿಯಿತು.

ಕೋಳಿ ಮೊಟ್ಟೆ ಇಡುತ್ತಿಲ್ಲ ಎಂಬುದು ಒಮ್ಮೆ ಹೊರಗೆ ಬಿತ್ತೆಂದರೆ ಮುಗಿಯಿತು, ಶಿವಮೊಗ್ಗದಲ್ಲಿ ಸಲಹೆಗೆ ಬರವಿಲ್ಲ. ಪಕ್ಕದ ಮನೆಯ ರಿಟೈರ್ಡ್ ವಿಜ್ಞಾನ ಮೇಷ್ಟ್ರು ಕಾಂಪೌಂಡಿನ ಮೇಲೆ ಮೊಣಕೈ ಊರಿ, “ಗಿರಿಜಮ್ಮ, ಇದು ಬೆಳಕಿನ ಪ್ರಶ್ನೆ. ಹಗಲು ಚಿಕ್ಕದಾಗ್ತಿದೆ. ಕೋಳಿಗೆ ಬೆಳಕು ಸಾಲ್ದೆ ಹೋದ್ರೆ ಮೊಟ್ಟೆ ಬರಲ್ಲ” ಎಂದು ಪಾಠ ಮಾಡಿದರು. ಗೂಡಿಗೆ ಬಲ್ಬ್ ಹಾಕಿಸಿದೆ. ಅತ್ತೆ ಸಂಜೆ ಪೂಜೆ ಮುಗಿಸಿ ಬಂದು, “ಪಾಪ, ಕಣ್ಣು ಕುಕ್ಕುತ್ತೆ ಅವಕ್ಕೆ” ಎಂದು ಆರಿಸಿದರು. ನಾನು ಹಾಕಿದೆ, ಅವರು ಆರಿಸಿದರು. ಕುಂಸಿಯಲ್ಲಿರುವ ನಾದಿನಿ ಮನೆಯಿಂದ ಒಂದು ಚೀಲ ಮೆಕ್ಕೆಜೋಳ ಬಂತು. ಅದನ್ನು ತಿಂದು ಮೂರೂ ಗುಂಡಗಾಗಿ, ನಡೆಯುವಾಗ ಅತ್ತಿತ್ತ ವಾಲತೊಡಗಿದವು. ಮೊಬೈಲಿನಲ್ಲಿ ಒಬ್ಬ ಮಹಾಶಯ, ಜೋಳ ಜಾಸ್ತಿಯಾದರೆ ಕೊಬ್ಬು ಬೆಳೆದು ಮೊಟ್ಟೆ ನಿಲ್ಲುತ್ತದೆ ಎಂದ. ಜೋಳ ಬಂದ್ ಮಾಡಿ ಕಪ್ಪೆಚಿಪ್ಪಿನ ಪುಡಿ ತಂದೆ. ಅವು ಅದರ ಮೇಲೆ ನಡೆದುಕೊಂಡು ಹೋದವು.

ಶ್ರಾವಣ ಸೋಮವಾರದ ಕತೆಯೇ ಬೇರೆ. ಒಂದು ಸೋಮವಾರ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ರಜೆ ಇತ್ತು. ಬೆಳಿಗ್ಗೆ ಕೋಳಿಗಳ ತಟ್ಟೆಯಲ್ಲಿ ಒಂದು ಹಿಡಿ ಅವಲಕ್ಕಿ, ಒಂದು ಚೂರು ಬಾಳೆಹಣ್ಣು ಮಾತ್ರ ಕಂಡೆ.

“ಅತ್ತೆ, ಇದೇನು? ಇವಕ್ಕೆ ಇಷ್ಟೇನಾ?”

“ಇವತ್ತು ಸೋಮವಾರ ಅಲ್ವೇನೇ? ಮನೇಲೆಲ್ಲ ಒಂದೇ ಹೊತ್ತು. ಸಂಜೆ ಪೂಜೆ ಆದ್ಮೇಲೆ ಅನ್ನ ಹಾಕ್ತೀನಿ.”

“ಅವು ಕೋಳಿ ಅತ್ತೆ!”

“ಈ ಮನೆ ಕೋಳಿ ತಾನೇ?”

ನಾನು ಅತ್ತೆಯ ಕಣ್ಣು ತಪ್ಪಿಸಿ ಅಕ್ಕಿ ಹಾಕಿದೆ. ಚಿಕ್ಕಂದಿನಲ್ಲಿ ಅಮ್ಮನ ಕಣ್ಣು ತಪ್ಪಿಸಿ ಮೊಟ್ಟೆ ತಿಂದವಳು, ಐವತ್ತು ದಾಟಿದ ಮೇಲೆ ಅತ್ತೆಯ ಕಣ್ಣು ತಪ್ಪಿಸಿ ಕೋಳಿಯ ಉಪವಾಸ ಮುರಿಸಿದೆ.

ಕೊನೆಗೆ ಮೊಬೈಲಿನ ಮಹಾಶಯನೇ, ಗೂಡಿನಲ್ಲಿ ಮೊಟ್ಟೆಯಂಥದ್ದು ಏನಾದರೂ ಇಟ್ಟರೆ ಕೋಳಿಗೆ ನೆನಪಾಗುತ್ತದೆ ಎಂದ. ಮೊಟ್ಟೆಯಂಥದ್ದು ಎಂದರೆ ಏನು? ಫ್ರಿಜ್ಜಿನಲ್ಲಿ ನಿಂಬೆಹಣ್ಣಿತ್ತು. ಮೂರು ಒಳ್ಳೆಯ ನಿಂಬೆಹಣ್ಣು ಆರಿಸಿ ಗೂಡಿನ ಮೂಲೆಯಲ್ಲಿ ಹುಲ್ಲಿನ ಮೇಲಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ಬೀದಿಯೆಲ್ಲ ಗುಸುಗುಸು. ಮೇಷ್ಟ್ರ ಹೆಂಡತಿ ಕಾಂಪೌಂಡಿನಿಂದ ಇಣುಕಿ ನೋಡಿ, ಯಾರೋ ನಮ್ಮ ಕೋಳಿಗಳಿಗೆ ಮಾಟ ಮಾಡಿಸಿದ್ದಾರೆ ಎಂದು ನಿರ್ಧರಿಸಿದ್ದರು. ಮಾಟ ಮಾಡಿದವಳು ನಾನೇ ಎಂದು ಹೇಳಲು ನಾಚಿಕೆಯಾಗಿ ಸುಮ್ಮನಾದೆ. ಅತ್ತೆ ಅಷ್ಟರಲ್ಲಿ ನಿಂಬೆಹಣ್ಣು ತೊಳೆದು ಚಿತ್ರಾನ್ನ ಕಲಸಿದ್ದರು.

ಪ್ರತಿ ಭಾನುವಾರ ಸೆಲ್ವಿ ಅಕ್ಕನ ಫೋನ್. “ಏನ್ ಮಾ, ಇಟ್ವಾ?” “ಇಲ್ಲ ಅಕ್ಕ.” “ಮೂರೂ ಇಲ್ವಾ?” “ಮೂರೂ ಇಲ್ಲ.” “ಅಯ್ಯೋ ಕಡವುಳೇ. ಇಲ್ಲಿ ಚೆನ್ನಾಗಿ ಇಡ್ತಿದ್ವಲ್ಲ!” ಎನ್ನುವಾಗ ಅವರ ದನಿಯಲ್ಲಿ ನನ್ನ ಸಂಸಾರದ ಬಗ್ಗೆಯೇ ಸಂಶಯವಿರುತ್ತಿತ್ತು. ಹಿಂದೆ ಅಳಿಯ, “ದೀಪಾವಳಿಗೆ ಬರ್ಲಾ ಕೇಳಿ ಅತ್ತೆ” ಎನ್ನುವುದು ಕೇಳಿಸುತ್ತಿತ್ತು. ಮೊದಮೊದಲು ತಮಾಷೆ ಅನ್ನಿಸಿದ್ದು ಬರಬರುತ್ತಾ ತಮಾಷೆಯಾಗಿ ಉಳಿಯಲಿಲ್ಲ. ಗೌರಿ ನಾನು ಗೇಟು ತೆಗೆದ ಸದ್ದಿಗೆ ಓಡಿ ಬರುತ್ತದೆ. ನೀಲಮ್ಮ ಇವರ ಚಪ್ಪಲಿಯ ಮೇಲೆ ನಿದ್ದೆ ಮಾಡುತ್ತದೆ. ಹೆಸರಿಟ್ಟು ಕರೆದ ಪ್ರಾಣಿಯನ್ನು ಕೊಳಂಬಿಗೆ ಕೊಡುವುದು ಹೇಗೆ? ಕೊಡುವುದಿಲ್ಲ ಎಂದು ಜಗಳ ತೆಗೆಯಲು ಅವರು ಬೇರೆ ಯಾರೂ ಅಲ್ಲ, ಸೆಲ್ವಿ ಅಕ್ಕ. ಒಪ್ಪಿಕೊಂಡು ಬುಟ್ಟಿ ಎತ್ತಿಕೊಂಡವಳೂ ನಾನೇ. ಅತ್ತೆಗೆ ಈ ಷರತ್ತಿನ ವಿಷಯ ಹೇಳಿರಲೇ ಇಲ್ಲ.

ಇಲ್ಲಿ ನಮ್ಮ ಹಳೆಯ ಬಚ್ಚಲುಮನೆಯ ಬಗ್ಗೆ ಹೇಳಬೇಕು. ಹಿತ್ತಿಲ ಮೂಲೆಯಲ್ಲಿ ಹಂಡೆ ಒಲೆಯ ಒಂದು ಪುಟ್ಟ ಬಚ್ಚಲಿದೆ. ಗೀಸರ್ ಬಂದ ಮೇಲೆ ಅದನ್ನು ಯಾರೂ ಬಳಸುವುದಿಲ್ಲ. ಅದು ಅತ್ತೆಯ ಸಾಮ್ರಾಜ್ಯ. ಹರಳೆಣ್ಣೆ, ಸೀಗೆಪುಡಿ, ಓಮ, ಸಾಂಬ್ರಾಣಿ ಎಲ್ಲ ಅಲ್ಲೇ. ನಮ್ಮ ಅತ್ತೆಯ ಕೈ ಹೊಸಮನೆಗೆಲ್ಲ ಹೆಸರುವಾಸಿ. ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ಎರೆಯಲು ಅತ್ತೆಯೇ ಆಗಬೇಕು. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಮೂಗು ತಿದ್ದಿ, ತಲೆ ದುಂಡು ಮಾಡಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಎತ್ತುತ್ತಾರೆ. ಅವರದೊಂದು ಪದ್ಧತಿ ಇದೆ. ಎರೆದ ಮಗುವನ್ನು ಅಜ್ಜಿ ಕೇಳಲಿ, ಅಪ್ಪ ಕೇಳಲಿ, ಕೊಡುವುದಿಲ್ಲ. “ಮೊದಲು ತಾಯಿ ಮಡಿಲು” ಎನ್ನುತ್ತಾರೆ. ಬಾಣಂತಿಯ ಹತ್ತಿರ ಹೋಗಿ, “ಮಡಿಲೊಡ್ಡೇ” ಎಂದು ಕರೆದು ಅವಳ ಸೆರಗಿಗೇ ಹಾಕುತ್ತಾರೆ. ಈಗ ಮಂಡಿ ನೋವೆಂದು ಹೊರಗೆ ಹೋಗುವುದು ನಿಂತಿದೆ.

ಗೌರಿ ಹಬ್ಬದ ಹೊತ್ತಿಗೆ ಒಮ್ಮೆ ಆ ಬಚ್ಚಲಿಗೆ ಹೋಗಲು ಹೊರಟಾಗ ಅತ್ತೆ ತಡೆದರು. “ಹೋಗ್ಬೇಡ ಮಾರಾಯ್ತಿ, ಅಲ್ಲಿ ಹಾವು ನೋಡಿದೀನಿ.” ಹಾವೆಂದರೆ ನಾನು ಮೂರು ಬೀದಿ ದಾಟಿ ಓಡುವವಳು. ಆಮೇಲೆ ಆ ಕಡೆ ತಲೆಯೂ ಹಾಕಲಿಲ್ಲ. ಸಂಜೆ ಕೋಳಿ ಗೂಡು ಮುಚ್ಚುವ ಕೆಲಸವನ್ನೂ ಅತ್ತೆಯೇ ವಹಿಸಿಕೊಂಡರು. “ಗಂಗೆ ಕಾಣ್ತಿಲ್ವಲ್ಲ ಅತ್ತೆ?” ಎಂದರೆ “ಒಳಗೆ ಮಲಗಿದೆ ಬಿಡು” ಎನ್ನುತ್ತಿದ್ದರು. ಹಾವಿರುವ ಕಡೆ ಅತ್ತೆ ಮಾತ್ರ ದಿನಾ ಹೇಗೆ ಹೋಗಿಬರುತ್ತಾರೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಲೈಬ್ರರಿ ತುಂಬ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಕೂತಿದ್ದರೂ ಅಷ್ಟೇ.

ಆಯುಧಪೂಜೆಯ ದಿನ ಇವರು ಸ್ಕೂಟರಿಗೆ ಹೂ ಕಟ್ಟುತ್ತಿದ್ದಾಗ ಸೆಲ್ವಿ ಅಕ್ಕನ ಫೋನ್ ಬಂತು. ಅಳಿಯ ಮಸಾಲೆಗೆ ಬೇಕಾದ್ದೆಲ್ಲ ತಂದಿಟ್ಟಿದ್ದಾನಂತೆ. ಫೋನ್ ಇಟ್ಟವಳೇ ನಾನು ಇವರ ಮೇಲೆ ಹಾರಿಬಿದ್ದೆ. “ಕೇಳಿಸ್ತೇನ್ರೀ? ದೀಪಾವಳಿಗೆ ಮೂರನ್ನೂ ತಗೊಂಡು ಹೋಗಿ ಅಡುಗೆ ಮಾಡ್ತಾರಂತೆ. ನಿಮ್ಮ ಪ್ರೋಟೀನೂ ಬೇಡ, ನಿಮ್ಮ ಪರಿಚಯನೂ ಬೇಡ. ಒಂದು ಮೊಟ್ಟೆ, ಒಂದೇ ಒಂದು ಮೊಟ್ಟೆ ಇಟ್ಟಿದ್ರೆ ಏನು ಗಂಟು ಹೋಗ್ತಿತ್ತು ಇವಕ್ಕೆ?” ಇವರು ಹೂವಿನ ದಾರ ಹಿಡಿದುಕೊಂಡು, “ನನ್ನನ್ಯಾಕೆ ಬೈತೀಯ? ನಾನಾ ಇಡಬೇಕಾಗಿದ್ದು?” ಎಂದರು. ಅಡಿಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದು ನನ್ನ ಕೈ ಹಿಡಿದರು. “ಬಾ, ಒಂದು ತೋರಿಸ್ತೀನಿ. ಸದ್ದು ಮಾಡ್ಬೇಡ.” ಬಚ್ಚಲಿನ ಕಡೆ ಹೊರಟದ್ದು ನೋಡಿ, “ಹಾವು, ಹಾವು” ಎಂದೆ. “ಹಾವು ನೋಡಿದ್ದು ನಿಜವೇ. ನಿಮ್ಮ ಮಾವ ಇದ್ದಾಗ” ಎಂದರು.

ಒಳಗೆ ಕತ್ತಲು. ಹಂಡೆ ತೆಗೆದ ಒಲೆಯ ಹೊಟ್ಟೆಯಲ್ಲಿ, ಹಳೆಯ ಮೆತ್ತಗಿನ ಬೂದಿಯ ಮೇಲೆ, ಗಂಗೆ ಅಗಲವಾಗಿ ಹರಡಿಕೊಂಡು ಕೂತಿತ್ತು. ಅತ್ತೆ ಮೆಲ್ಲಗೆ ಅದರ ರೆಕ್ಕೆ ಎತ್ತಿದರು. ಕೆಳಗೆ ಮೊಟ್ಟೆ. ಮೂರು ಕೋಳಿಗಳೂ ನನ್ನ ಬಲ್ಬನ್ನೂ ಹುಲ್ಲನ್ನೂ ನಿಂಬೆಹಣ್ಣನ್ನೂ ಧಿಕ್ಕರಿಸಿ ಅಲ್ಲಿ ಬಂದು ಇಟ್ಟಿದ್ದವು. ಗಂಗೆ ಕಾವಿಗೆ ಕೂತುಬಿಟ್ಟಿತ್ತು, ಉಳಿದೆರಡು ಪುಕ್ಕ ಉದುರಿಸಲು ಶುರುಮಾಡಿ ಇಡುವುದನ್ನೇ ನಿಲ್ಲಿಸಿದ್ದವು. ಪಕ್ಕದಲ್ಲಿ ನನ್ನ ಬಾಣಲೆ! ಅದರಲ್ಲಿ ಕೆಂಡ, ಕೆಂಡದ ಮೇಲೆ ಓಮ. ಬಾಗಿಲಿಗೆ ಗಾಳಿ ಬರದಂತೆ ಹಳೆಯ ಕಂಬಳಿ. ಒಂದು ಬಟ್ಟಲಲ್ಲಿ ಬೆಲ್ಲದನ್ನ, ಒಂದರಲ್ಲಿ ಕಾಯಿಸಿ ಆರಿಸಿದ ನೀರು. ಅತ್ತೆ ಗಂಗೆಗೆ ಬಾಣಂತನ ಮಾಡುತ್ತಿದ್ದರು.

“ಮೊಟ್ಟೆ ಕಂಡ್ರೆ ನೀನು ತೆಗೆದು ಹುರೀತಿ ಅಂತ ಹೇಳ್ಲಿಲ್ಲ” ಎಂದರು. “ಈಗ ಅವ್ರಿಗೆ ಹ್ಯಾಗೆ ಕೊಡ್ತೀಯ? ಹೇಳು, ಬಾಣಂತಿನ ಮನೆಯಿಂದ ಹೊರಗೆ ಹಾಕ್ತಾರಾ ಯಾರಾದ್ರೂ?”

ನನಗೆ ಸಿಟ್ಟು ನೆತ್ತಿಗೇರಿತು. ತಿಂಗಳುಗಟ್ಟಲೆ ನಾನು ಸೊಂಟ ಮುರಿದುಕೊಂಡದ್ದು ಯಾಕೆ? ಮಾಟಗಾತಿ ಆಗುವುದೊಂದು ಬಾಕಿ ಇತ್ತಲ್ಲ! ಬಾಯಿ ತೆರೆದೆ. ಹುಂಜವೇ ಇಲ್ಲದ ಮನೆಯ ಮೊಟ್ಟೆ ಅತ್ತೆ ಇವು, ಎಷ್ಟು ದಿನ ಕೂತರೂ ಇದರಿಂದ ಮರಿ ಬರುವುದಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲಾಗಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಶಿವಮೊಗ್ಗ ಆಯಿತು, ಮಣಿಪಾಲ ಆಯಿತು, ಹರಕೆ ಆಯಿತು, ಔಷಧ ಆಯಿತು. ಊರಿನ ಮಕ್ಕಳಿಗೆಲ್ಲ ಎರೆದ ಕೈಗೆ ಈ ಮನೆಯಲ್ಲಿ ಎರೆಯಲು ಒಂದು ಮಗು ಸಿಗಲಿಲ್ಲ. ಆ ದುಃಖ ನನಗಿದೆ, ಈಗಲೂ ಇದೆ. ಮಕ್ಕಳಿಲ್ಲದ ಸೊಸೆಯರೆಲ್ಲ ಕೇಳಿಸಿಕೊಳ್ಳುವ ಮಾತನ್ನು ಅತ್ತೆ ನನಗೆ ಒಂದು ದಿನವೂ ಆಡಲಿಲ್ಲ. ಆಸ್ಪತ್ರೆಯಿಂದ ಬಂದಾಗಲೆಲ್ಲ ಏನಾಯಿತು ಎಂದೂ ಕೇಳದೆ ಕಾಫಿ ಲೋಟ ಮುಂದಿಡುತ್ತಿದ್ದರು. ಅಂಥವರಿಗೆ ಆ ಕತ್ತಲೆ ಬಚ್ಚಲಲ್ಲಿ ನಿಂತು, ಇಲ್ಲೂ ಏನೂ ಆಗುವುದಿಲ್ಲ ಅತ್ತೆ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನೀವಾದರೂ ಅತ್ತೆಗೆ ಹೇಳಿ ಎಂದು ಇವರನ್ನು ಕೇಳಿದರೆ, “ಅಮ್ಮನ ಹತ್ರ ಹುಂಜದ ವಿಷಯ ನಾನು ಮಾತಾಡ್ಲಾ?” ಎಂದು ಸ್ಕೂಟರ್ ತೆಗೆದುಕೊಂಡು ಪರಾರಿಯಾದರು. ಹೂವು ಕಟ್ಟಿದ ಸ್ಕೂಟರು, ಸುಸ್ತಿಲ್ಲದ ಸವಾರ.

ಮಧ್ಯಾಹ್ನವೇ ಭದ್ರಾವತಿ ಬಸ್ ಹತ್ತಿದೆ. ಸೆಲ್ವಿ ಅಕ್ಕನಿಗೆ ಎಲ್ಲ ಹೇಳಿ, ಹುಂಜ ಇರುವ ಮನೆಯ ಮೊಟ್ಟೆ ಬೇಕು ಎಂದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಮೊಟ್ಟೆ ತಿನ್ನೋಕೆ ಕೋಳಿ ತಗೊಂಡು ಹೋದವ್ಳು, ಕೋಳಿಗೆ ಮೊಟ್ಟೆ ಕೇಳ್ಕೊಂಡು ಬಂದಿದೀಯಲ್ಲ ಮಾ!” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮೆಟ್ಟಿಲಿಳಿದು ನನ್ನ ಜೊತೆ ಹಿಂದಿನ ಬೀದಿಯ ಮೇರಿ ಮನೆಗೆ ಬಂದು, ಒಂದೊಂದೇ ಮೊಟ್ಟೆ ಆರಿಸಿ ತೌಡು ತುಂಬಿದ ಡಬ್ಬಿಯಲ್ಲಿ ಹೂತಿಟ್ಟುಕೊಟ್ಟರು. “ಮರಿ ಬಂದ್ರೆ ಮೂರೂ ನಿಂದೇ. ನಾನು ಕೇಳಲ್ಲ. ಬರ್ಲಿಲ್ಲಾಂದ್ರೆ ಅಳಿಯನ್ನ ತಡೆಯೋದು ಕಷ್ಟ ಮಾ, ಆಗ್ಲೇ ಊರಿಗೆಲ್ಲ ಹೇಳ್ಕೊಂಡಿದ್ದಾನೆ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಜೀವ ಹಾರಿತು. ಪಕ್ಕದ ಹೆಂಗಸು, “ಏನಮ್ಮ, ಚಿನ್ನಾನಾ?” ಎಂದಳು. ಚಿನ್ನವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಎಂದೆ.

ಮನೆ ಮುಟ್ಟಿದಾಗ ಮುಸ್ಸಂಜೆ. ಅತ್ತೆ ಪೂಜೆಗೆ ಕೂತ ಹೊತ್ತು ನೋಡಿ ಬಚ್ಚಲಿಗೆ ನುಸುಳಿದೆ. ಗಂಗೆಯ ಕೆಳಗೆ ಕೈ ಹಾಕಿದೆ, ಕುಕ್ಕಿತು. ಮತ್ತೆ ಹಾಕಿದೆ, ಮತ್ತೆ ಕುಕ್ಕಿತು. ಅಷ್ಟರಲ್ಲಿ ಬೆನ್ನ ಹಿಂದೆ ದೀಪದ ಬೆಳಕು ಬಂತು.

“ಎಲ್ಲ ಒಟ್ಟಿಗೆ ತೆಗೀಬೇಡ. ಒಂದು ತೆಗೆದು ಒಂದು ಇಡು” ಎಂದರು ಅತ್ತೆ. ಆಮೇಲೆ ಹತ್ತಿರ ಬಂದು, “ಹುಂಜ ಇರೋ ಮನೇದು ತಾನೇ?” ಎಂದರು.

ನನ್ನ ಕೈ ಅಲ್ಲೇ ನಿಂತಿತು. “ನಿಮಗೆ ಗೊತ್ತಿತ್ತಾ ಅತ್ತೆ?”

“ಇಷ್ಟು ವರ್ಷ ಬಾಣಂತನ ಮಾಡಿದವಳಿಗೆ ಅಷ್ಟೂ ಗೊತ್ತಿರಲ್ವೇನೇ?”

“ಮತ್ತೆ ಯಾಕೆ ಸುಮ್ನಿದ್ರಿ? ಎಬ್ಬಿಸಬಹುದಾಗಿತ್ತಲ್ಲ ಅದನ್ನ?”

ಅತ್ತೆ ದೀಪವನ್ನು ಒಲೆಯ ಕಟ್ಟೆಯ ಮೇಲಿಟ್ಟರು. “ಅಷ್ಟು ಆಸೆಯಿಂದ ಕೂತಿತ್ತು ಕಣೇ. ಏಳು, ಆಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.”

ಅವರು ಕೋಳಿಯನ್ನು ನೋಡುತ್ತಲೇ ಈ ಮಾತು ಹೇಳಿದರು. ನನಗೆ ಅಳು ಬಂತು. ಕೋಳಿ ಕುಕ್ಕಿದ್ದಕ್ಕೆ ಎಂದು ತಿಳಿಯಲಿ ಎಂದು ಬೆರಳು ಬಾಯಿಗಿಟ್ಟುಕೊಂಡೆ. ಅತ್ತೆ ಮಂಡಿ ಊರಿ ಪಕ್ಕದಲ್ಲಿ ಕೂತು ಒಂದು ತೆಗೆದರು, ನಾನು ಒಂದು ಇಟ್ಟೆ. ಅವರು ಮೊಟ್ಟೆ ಮುಟ್ಟಿದ್ದು ಜನ್ಮದಲ್ಲಿ ಅದೇ ಮೊದಲಿರಬೇಕು. ಹಳೆಯದನ್ನೆಲ್ಲ ದಾಸವಾಳದ ಬುಡದಲ್ಲಿ ಹೂತು ಕೈಕಾಲು ತೊಳೆದು ಒಳಗೆ ಹೋದೆವು.

ಆಮೇಲಿನ ದಿನಗಳಲ್ಲಿ ನಾನು ಮೊಟ್ಟೆಯ ಮಾತೆತ್ತಲಿಲ್ಲ. ಇವರಿಗೆ ಮೊಳಕೆ ಬರಿಸಿದ ಹೆಸರುಕಾಳು ಕೊಟ್ಟೆ. ಪರಿಚಯ ಕೇಳದೆ ತಿಂದರು. ಬಾಣಲೆಯಲ್ಲಿ ಓಮದ ಹೊಗೆ ನಿಲ್ಲಲಿಲ್ಲ. ಬೇಡ ಅತ್ತೆ, ಕೋಳಿಗೆ ಕೆಮ್ಮು ಬರುತ್ತದೆ ಎಂದರೆ ಕೇಳಬೇಕಲ್ಲ!

ಬಲಿಪಾಡ್ಯಮಿಯ ಬೆಳಿಗ್ಗೆ ನಾನು ಹೊಸ ಸೀರೆಯುಟ್ಟು, ಒಲೆಯ ಮೇಲೆ ಹೋಳಿಗೆ ಬೇಯಿಸುತ್ತಿದ್ದಾಗ ಫೋನ್ ಬಂತು. “ಏನಾಯ್ತು ಮಾ? ಇವನು ಚೀಲ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾನೆ.” ಅಷ್ಟರಲ್ಲಿ ಹಿತ್ತಿಲಿಂದ ಅತ್ತೆ, ಆ ವಯಸ್ಸಿಗೆ ಇರಬಾರದಷ್ಟು ಜೋರಾಗಿ, “ಗಿರಿಜಾ!” ಎಂದು ಕೂಗಿದರು. ಫೋನ್ ಹಿಡಿದುಕೊಂಡೇ ಓಡಿದೆ. ಹೋಳಿಗೆ ಸೀದು ಹೋಯಿತು.

ಬಚ್ಚಲ ಬಾಗಿಲಲ್ಲಿ ನಿಂತಾಗಲೇ ಕೇಳಿಸಿತು, ಸಣ್ಣ ಚಿಯ್ಯೆಂಬ ದನಿ. ಮೊಬೈಲನ್ನು ಒಲೆಯ ಬಾಯಿಗೆ ಹಿಡಿದೆ. ಆ ಕಡೆ ಸೆಲ್ವಿ ಅಕ್ಕ ಅಳಿಯನಿಗೆ, “ಚೀಲ ಒಳಗಿಡಪ್ಪ, ಅಂಗಡಿಗೆ ಹೋಗಿ ತಗೊಂಡು ಬಾ” ಎಂದದ್ದು ಸ್ಪಷ್ಟವಾಗಿ ಕೇಳಿತು.

ಅತ್ತೆ ಒಂದು ಮರಿಯನ್ನು ಎತ್ತಿಕೊಂಡು, ಮೆತ್ತಗಿನ ಹಳೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಒಣಗಿಸುತ್ತಿದ್ದರು. ಹರಳೆಣ್ಣೆ ಬಟ್ಟಲು ಪಕ್ಕದಲ್ಲೇ ಇತ್ತು. “ಎಣ್ಣೆ ಹಚ್ಚೋ ಹಾಗಿಲ್ಲ ಅತ್ತೆ, ಎರೆಯೋ ಹಾಗೂ ಇಲ್ಲ” ಎಂದು ನಾನು ಕೈ ಅಡ್ಡ ಹಿಡಿದೆ. “ನನಗೆ ಕಲಿಸ್ಬೇಡ” ಎಂದರು. ಇವರು ಹಿಂದಿನಿಂದ ಬಂದು, “ಎಲ್ಲಿ ಅಮ್ಮ, ಕೊಡು ನೋಡೋಣ” ಎಂದು ಕೈ ಚಾಚಿದರು. ಅತ್ತೆ ಕೊಡಲಿಲ್ಲ. ಮಗನನ್ನು ಪಕ್ಕಕ್ಕೆ ಸರಿಸಿ ನನ್ನ ಎದುರಿಗೆ ಬಂದು ನಿಂತರು.

“ಮಡಿಲೊಡ್ಡೇ.”

ನಾನು ಅಲ್ಲೇ ನೆಲದ ಮೇಲೆ ಕೂತು ಸೆರಗು ಒಡ್ಡಿದೆ. ಹಬ್ಬಕ್ಕೆಂದೇ ತಂದ ಸೀರೆ, ಮಡಿಕೆಯ ಗೆರೆಗಳೂ ಇನ್ನೂ ಹೋಗಿರಲಿಲ್ಲ. ಮರಿ ಎರಡು ಸಲ ಕಣ್ಣು ಮಿಟುಕಿಸಿ, ಅದರ ಮೇಲೆಯೇ ಗಲೀಜು ಮಾಡಿತು. ನಾನು ರೇಗಲೆಂದು ಬಾಯಿ ತೆರೆದೆ.

“ಅಲ್ಲಾಡ್ಬೇಡ” ಎಂದರು ಅತ್ತೆ. “ಮಲಗ್ತಿದೆ.”